ಹಿತ್ತಿಲಿಗೊಂದು ಹೊತ್ತಿಗೆ

ನಮ್ಮ ಹಿತ್ತಿಲಿನ ಮಾವಿನ ಮರವು ಈ ಬಾರಿ ವಾಡಿಕೆಗಿಂತ ಮುಂಚೆಯೇ ಹೂವಾಯಿತೆಂದು ನಾನೂ, ಹಾಗೇನೂ ಇಲ್ಲ, ಎಂದಿನಂತೆ ಧನುರ್ಮಾಸದ ಹುಗ್ಗಿಯ ಪರಿಮಳದೊಡನೆಯೇ ಹೂ ತಳೆಯಿತೆಂದು ಬೇಲಿಯಾಚೆಯ ನೆರೆಯವರೂ ಒಂದು ಸಂಜೆಯೆಲ್ಲ ವಾದಿಸಿ, ಕಡೆಗೆ ಇಬ್ಬರಲ್ಲಿ ಯಾರ ಬಳಿಯೂ ಸಾಕ್ಷ್ಯವೆಂಬುದು ಇಲ್ಲವೆಂಬುದನ್ನು ಕಂಡುಕೊಂಡು, ಕಾಫಿಯ ಲೋಟಗಳನ್ನು ಬರಿದುಮಾಡಿ ಸುಮ್ಮನಾದೆವು. ಇಪ್ಪತ್ತು ವರ್ಷ ಆ ಮರದ ನೆರಳಿನಲ್ಲಿ ಕುಳಿತು, ಅದರ ಮಿಡಿಯನ್ನು ಉಪ್ಪಿನಲ್ಲಿಟ್ಟು, ಅದರ ಎಲೆಯನ್ನು ಬಾಗಿಲಿಗೆ ತೋರಣವಾಗಿ ಕಟ್ಟಿದವರಿಗೆ, ಅದು ಯಾವ ಮಾಸದ ಯಾವ ಪಕ್ಷದಲ್ಲಿ ಹೂ ತಳೆಯುತ್ತದೆಂಬುದು ತಿಳಿಯದೆಂದರೆ, ಆ ಅಜ್ಞಾನಕ್ಕೆ ನಾಚಬೇಕಾದವರು ನಾವೇ ಹೊರತು ಮರವಲ್ಲ.

ಅಜ್ಜಿ ಇದ್ದ ಕಾಲದಲ್ಲಿ ಇಂಥ ವ್ಯಾಜ್ಯ ಹುಟ್ಟುತ್ತಿರಲಿಲ್ಲ. ಗೋಡೆಯ ಮೊಳೆಗೆ ತೂಗುಬಿಟ್ಟ ಪಂಚಾಂಗದ ಅಂಚಿನಲ್ಲಿ, ತಿಥಿ ವಾರ ನಕ್ಷತ್ರಗಳ ಪಕ್ಕದ ಬೆರಳಗಲದ ಬಿಳಿಯ ಜಾಗದಲ್ಲಿ, ‘ಕುಂಬಳದ ಬೀಜ ಹಾಕಿತು’, ‘ದನ ನುಗ್ಗಿತು’, ‘ಆರಿದ್ರೆ ಹುಯ್ಯಲಿಲ್ಲ’ ಎಂದು ಸೀಸದ ಕಡ್ಡಿಯಿಂದ ಆಕೆ ಗೀಚಿಡುತ್ತಿದ್ದುದುಂಟು. ಆದರೆ ಯುಗಾದಿ ಬಂದೊಡನೆ ಹೊಸ ಪಂಚಾಂಗವು ಮೊಳೆಗೇರುತ್ತಿತ್ತು. ಹಳೆಯದು ಬಚ್ಚಲೊಲೆಯ ಬಾಯಿಗೆ ಬೀಳುತ್ತಿತ್ತು. ಬರುವ ವರ್ಷದ ಫಲವನ್ನು ಭಕ್ತಿಯಿಂದ ಕುಳಿತು ಕೇಳಿದ ನಾವು, ಕಳೆದ ವರ್ಷದ ಅನುಭವವನ್ನು ನಿಶ್ಚಿಂತೆಯಿಂದ ಸುಟ್ಟು ಅಭ್ಯಂಜನಕ್ಕೆ ನೀರು ಕಾಯಿಸಿಕೊಂಡೆವು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮಳೆ ಮೊದಲಿನಂತಿಲ್ಲ, ಬಿಸಿಲು ಮೊದಲಿನಂತಿಲ್ಲ, ಕಾಲ ಕೆಟ್ಟಿತು. ಮಾತು ನಿಜವೇ ಇರಬಹುದು. ಆದರೆ ‘ಮೊದಲು’ ಎಂದರೆ ಎಂದು, ‘ಹೇಗಿತ್ತು’ ಎಂದರೆ ಎಷ್ಟಿತ್ತು ಎಂದು ಕೇಳಿದರೆ ನಮ್ಮ ಸ್ಮೃತಿಯು ತಡವರಿಸುತ್ತದೆ. ಆದ ಕಾರಣ ನನ್ನ ಸೂಚನೆ ಇಷ್ಟೆ: ಒಂದು ಬೊಗಸೆ ಮಣ್ಣಿರುವ ಪ್ರತಿಯೊಂದು ಮನೆಯಲ್ಲಿಯೂ ಆ ಮಣ್ಣಿನದೊಂದು ಹೊತ್ತಿಗೆ ಇರತಕ್ಕದ್ದು, ಅದು ಅಂಗಡಿಯಿಂದ ಕೊಂಡುದಾಗಿರದೆ ಮನೆಯವರ ಕೈಯಿಂದಲೇ, ಋತುವಿನಿಂದ ಋತುವಿಗೆ ಸಿದ್ಧವಾದುದಾಗಿರತಕ್ಕದ್ದು.

ಗಿಡಕ್ಕೂ ಗ್ರಂಥಕ್ಕೂ ಇರುವ ನಂಟನ್ನು ನಾನು ಹೊಸದಾಗಿ ಕಲ್ಪಿಸಬೇಕಾದ್ದಿಲ್ಲ. ಭಾಷೆಯು ಅದನ್ನು ಎಂದೋ ಬೆಸೆದಿಟ್ಟಿದೆ. ತಾಳೆಯ ಓಲೆಯೇ ಬರೆದ ಓಲೆಯಾಯಿತು. ಮರದ ಪತ್ರವೇ ಅಂಚೆಯ ಪತ್ರವಾಯಿತು. ಅಡಕೆಯ ಮರದಿಂದ ಕಳಚಿ ಬೀಳುವ ಹಾಳೆಯ ಹೆಸರೇ ಕಾಗದದ ಹಾಳೆಗೂ ಸಂದಿತು. ರಾಮಾಯಣದ ಕಾಂಡ, ಭಾರತದ ಪರ್ವ, ಭಾಗವತದ ಸ್ಕಂಧ, ಇವುಗಳಲ್ಲಿ ಒಂದು ದಂಟು, ಒಂದು ಗೆಣ್ಣು, ಮತ್ತೊಂದು ಕೊಂಬೆಯೊಡೆಯುವ ಬೊಡ್ಡೆ. ಕ್ರಿ. ಶ. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಸ್ಥಾನವಿದೆಯೆಂಬುದನ್ನು ನೆನೆದರೆ, ತೋಟದ ತಿಳಿವನ್ನು ಕನ್ನಡದಲ್ಲಿ ಬರೆದಿಡುವುದು ಸಾವಿರ ವರ್ಷದ ಹಳೆಯ ರೂಢಿಯೆಂಬುದು ಸ್ಪಷ್ಟವಾಗುತ್ತದೆ.

ಕೈಯಿಂದ ಮಾಡಿದ ಪುಸ್ತಕವೂ ನಮಗೆ ಅಪರಿಚಿತವಲ್ಲ. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಕೆಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ‘ಕಡತ’ವು ಮೈಸೂರು ಸೀಮೆಯ ವರ್ತಕರಿಗೂ ಮಠಮಾನ್ಯಗಳಿಗೂ ನಿತ್ಯದ ಉಪಕರಣವಾಗಿತ್ತು, ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರ ತನ್ನ ಗ್ರಂಥದಲ್ಲಿ ಅದನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದುದೇ ಅದರ ಗುಣ. ಅಂದು ಅಳಿಸಲು ಅತಿ ಸುಲಭವಾಗಿದ್ದ ವಸ್ತುವಿನ ಹೆಸರು ಇಂದು ಕದಲಿಸಲು ಅತಿ ಕಷ್ಟವಾದ ಸರಕಾರಿ ವಸ್ತುವಿಗೆ ಸಂದಿರುವುದು ಕಾಲದ ವಿನೋದವೆನ್ನಬೇಕು.

ಪುಸ್ತಕ ಕಟ್ಟುವ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಹೊರಟವನಿಗೆ ಅದರ ಸ್ವಾರಸ್ಯ ದಕ್ಕದು. ಒಂದೊಂದು ಋತುವೂ ಅದಕ್ಕೆ ಒಂದೊಂದು ಸಾಮಗ್ರಿಯನ್ನು ತಂದುಕೊಡುತ್ತದೆ. ಮಾಘ ಫಾಲ್ಗುಣಗಳಲ್ಲಿ ಹುಣಿಸೆ ಬಡಿದು ಹಣ್ಣು ಕುಟ್ಟುವಾಗ ಉಳಿಯುವ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಿನಲ್ಲಿ ಕುದಿಸಿದರೆ ಅಂಟು ಸಿದ್ಧ. ಅದೇ ಕಾಲದಲ್ಲಿ ಎಲೆಯುದುರಿಸಿ ಉರಿವಂತೆ ಹೂವಾಗುವ ಮುತ್ತುಗದಿಂದ ಹಳದಿ ಬಣ್ಣ ದೊರೆಯುತ್ತದೆ. ಬೇಸಗೆಯಲ್ಲಿ ಬಿದ್ದ ಅಡಕೆಯ ಹಾಳೆಯನ್ನು ಮೊದಲ ಮಳೆ ಅದನ್ನು ಕಪ್ಪುಗಟ್ಟಿಸುವ ಮುನ್ನ ಆಯ್ದು ತಂದು, ನೀರಿನಲ್ಲಿ ನೆನೆಸಿ, ಚಪ್ಪಡಿಯ ಕೆಳಗೆ ಒತ್ತಿಟ್ಟರೆ, ಯಾವ ರಟ್ಟಿಗೂ ಸೋಲದ ಹೊದಿಕೆಯಾಗುತ್ತದೆ. ಮಡಿಸಿದರೆ ಸೀಳುವುದರಿಂದ ಬೆನ್ನಿಗೆ ಮಾತ್ರ ಹಳೆಯ ಸೀರೆಯ ಅಂಚನ್ನು ಅಂಟಿಸತಕ್ಕದ್ದು. ಅಂಗಳಕ್ಕಿಳಿಯಲಾಗದ ಆಷಾಢದ ಮಧ್ಯಾಹ್ನಗಳು ಕಾಗದಗಳನ್ನು ಮಡಿಸಿ ಹೊಲಿಯುವುದಕ್ಕೆಂದೇ ಬಂದಂಥವು. ಮಾಲೆ ಕಟ್ಟುವ ಬಾಳೆಯ ನಾರು ಈ ಹೊಲಿಗೆಗೆ ಬಾರದು, ಒಣಗಿದರೆ ಮುರಿಯುತ್ತದೆ; ಹುರಿಮಾಡಿದ ಹತ್ತಿಯ ನೂಲಿಗೆ ಜೇನುಮೇಣ ತೀಡಿದರೆ ಅದು ತಲೆಮಾರು ಬಾಳುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿದರೆ ಮಸಿ. ಇನ್ನು ಹೂವೆಲೆಗಳನ್ನು ಒತ್ತಿಡುವುದಕ್ಕೆ ಮಾರ್ಗಶಿರದ ಒಣಗಾಳಿ ಬೀಸುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಒತ್ತಿದ ಹೂವಿಗೆ ಬೂಷ್ಟು ಹಿಡಿಯದೆ ಇರದು. ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು, ತೇವ ಹೀರಿದ ಕಾಗದವನ್ನು ದಿನವೂ ಬದಲಾಯಿಸಬೇಕು. ನಾವು ಬರೆಯುವ ಲೇಖನಗಳಿಗೆ ಇದಕ್ಕಿಂತ ಉತ್ತಮವಾದ ಸದ್ಗತಿಯನ್ನು ನಾನು ಕಾಣೆ.

ಈ ವಿದ್ಯೆಯಲ್ಲಿ ನಾನು ಮುಗ್ಗರಿಸಿದ್ದೂ ಉಂಟು. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಬೇಕು, ಪೆಟ್ಟಿಗೆಯಲ್ಲಿ ಬಜೆಯ ತುಂಡನ್ನಿಡಬೇಕು ಎಂಬ ಹಳಬರ ಮಾತನ್ನು ಅಲಕ್ಷಿಸಿದ ಫಲವಾಗಿ, ನನ್ನ ಮೊದಲ ಹೊತ್ತಿಗೆಯನ್ನು ನಾನು ಓದುವುದಕ್ಕೆ ಮೊದಲೇ ಹುಳುಗಳು ಆದ್ಯಂತ ಓದಿ ಮುಗಿಸಿದ್ದವು. ಅದಕ್ಕೂ ಹಿಂದಿನ ದೋಷ ಇನ್ನೂ ದೊಡ್ಡದು. ಬಂಧುವೊಬ್ಬರು ಉಡುಗೊರೆಯಿತ್ತ, ಚಿನ್ನದ ಅಂಚಿನ ಸುಂದರವಾದ ಪುಸ್ತಕವೊಂದು, ನನ್ನ ವಕ್ರಾಕ್ಷರಗಳಿಂದ ಕೆಟ್ಟೀತೆಂಬ ಭಯದಿಂದಲೇ ನಾಲ್ಕು ವರ್ಷ ಖಾಲಿ ಉಳಿಯಿತು. ಆ ನಾಲ್ಕು ವರ್ಷದ ಹಿತ್ತಿಲಿನ ಸಮಾಚಾರವೆಲ್ಲ ದಿನಸಿಯ ಚೀಟಿಗಳ ಬೆನ್ನಿನಲ್ಲಿ ಕಳೆದುಹೋಯಿತು. ಸೌಂದರ್ಯವು ಬರವಣಿಗೆಯನ್ನು ಬೆದರಿಸುವಂತಿರಬಾರದು. ಸ್ವಹಸ್ತದಿಂದ ಕಟ್ಟಿದ ಪುಸ್ತಕದ ಒಂದು ಮಹೋಪಕಾರವೆಂದರೆ, ಅದು ಹುಟ್ಟುವಾಗಲೇ ಕೊಂಚ ಸೊಟ್ಟಗಿರುವುದರಿಂದ ಅದನ್ನು ಕೆಡಿಸುವ ಅಂಜಿಕೆ ಯಾರಿಗೂ ಇರುವುದಿಲ್ಲ.

ಅದರಲ್ಲಿ ಬರೆಯಬೇಕಾದುದಾದರೂ ಏನು? ಕವಿತೆಯನ್ನಲ್ಲ, ಮೊದಲು ದಿನಾಂಕ, ಆಮೇಲೆ ಮಳೆಯ ನಕ್ಷತ್ರ, ಅನಂತರ ಕಂಡ ಸಂಗತಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ನಿಲ್ಲುವ ಲೆಕ್ಕದ ಮೇಲೆ ನಮ್ಮ ರೈತನು ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳಿಗೆ ಹೆಸರಿಟ್ಟು, ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ಗಾದೆ ಕಟ್ಟಿದನಷ್ಟೆ. ಆ ಗಾದೆಯು ನೂರಾರು ವರ್ಷಗಳ ಅಲಿಖಿತ ದಿನಚರಿಯ ಒಂದು ಪಂಕ್ತಿಯ ಸಾರಾಂಶ. ಅದು ಇನ್ನೂ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲುದು ಲಿಖಿತ ದಿನಚರಿಯೊಂದೇ.

ಮೊಬೈಲಿನಲ್ಲಿ ಚಿತ್ರ ತೆಗೆದರೆ ದಿನಾಂಕವೂ ತಾನಾಗಿಯೇ ಬೀಳುವಾಗ ಈ ಸೂಜಿದಾರಗಳ ಸಂಸಾರವೇಕೆಂದು ಕೇಳುವವರುಂಟು. ಚಿತ್ರವು ಅರಳಿದ ಹೂವನ್ನು ಹಿಡಿಯುತ್ತದೆ. ಅರಳದ ಹೂವನ್ನು ಹಿಡಿಯಲಾರದು. ‘ಇಂದಿಗೂ ಮಳೆಯಿಲ್ಲ’, ‘ಈ ಸಲ ಸಂಪಿಗೆಗೆ ದುಂಬಿ ಬರಲಿಲ್ಲ’, ‘ಹಾಕಿದ ಹತ್ತು ಅವರೆಯಲ್ಲಿ ಮೂರು ಮೊಳೆತವು’ ಎಂಬಂಥ ಅಭಾವದ ವಾರ್ತೆಗಳೇ ಹಿತ್ತಿಲಿನ ಇತಿಹಾಸದಲ್ಲಿ ಅತ್ಯಂತ ಬೆಲೆಯುಳ್ಳವು. ಅವುಗಳಿಗೆ ಛಾಯೆಯಿಲ್ಲ, ಅಕ್ಷರ ಮಾತ್ರವೇ ಉಂಟು.

ಇಂಥ ಬಡ ವಾರ್ತೆಗಳಿಂದ ಏನಾದೀತೆಂಬುದಕ್ಕೆ ಪರದೇಶದ ನಿದರ್ಶನಗಳಿವೆ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1751ರಲ್ಲಿ ತೋಟದ ದಿನಚರಿಯನ್ನಾರಂಭಿಸಿದಾಗ ಅದರಲ್ಲಿ ಇದ್ದುದು ಸೌತೆ, ಕರಬೂಜ ಮತ್ತು ಗಾಡಿಗಟ್ಟಲೆ ಗೊಬ್ಬರದ ಲೆಕ್ಕ. ಆ ಅಭ್ಯಾಸವೇ ಪಕ್ವವಾಗಿ 1789ರಲ್ಲಿ ಸೆಲ್ಬೋರ್ನಿನ ಪ್ರಕೃತಿಚರಿತ್ರೆಯೆಂಬ ಗ್ರಂಥವಾಯಿತು. ಅವನ ಕೊನೆಗಾಲದ ಪತ್ರಮಿತ್ರನಾದ ನಾರ್ಫೋಕಿನ ರಾಬರ್ಟ್ ಮಾರ್ಶಮ್ 1736ರಿಂದ ವಸಂತದ ಕುರುಹುಗಳನ್ನು, ಅಂದರೆ ಯಾವ ಮರ ಎಂದು ಚಿಗುರಿತು, ಕೋಗಿಲೆ ಎಂದು ಕೂಗಿತು ಎಂಬುದನ್ನು ಬರೆಯತೊಡಗಿದನು. ಅವನ ವಂಶಜರು ಅದನ್ನು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವಿನ ಉತ್ಸವದ ದಿನಗಳನ್ನು ಒಂಬತ್ತನೆಯ ಶತಮಾನದಿಂದ ತಮ್ಮ ದಿನಚರಿಗಳಲ್ಲಿ ಗುರುತಿಸಿಟ್ಟವರಿಂದಾಗಿ, 2021ರ ಮಾರ್ಚ್ 26ರಂದು ಆ ಹೂವು ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳಲ್ಲೇ ಅತಿ ಮುಂಚೆ ತುಂಬಿ ಅರಳಿತೆಂದು ಇಂದಿನ ವಿಜ್ಞಾನಿಗಳು ಹೇಳಬಲ್ಲವರಾದರು. ಬರೆದವರಾರೂ ವಿಜ್ಞಾನಕ್ಕೆಂದು ಬರೆದವರಲ್ಲ. ಬರೆಯುವುದನ್ನು ನಿಲ್ಲಿಸದಿದ್ದುದೇ ಅವರ ಸಾಧನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾಗದು. ಅಮೆರಿಕೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ 1766ರಿಂದ 1824ರವರೆಗೆ ತೋಟದ ಪುಸ್ತಕವೊಂದನ್ನು ಬರೆದನು. ಅದರ ಮೊದಲ ಟಿಪ್ಪಣಿಯು ಒಂದು ನೇರಿಳೆ ಹೂವಿನ ಅರಳುವಿಕೆ. ಆದರೆ ಆ ತೋಟವನ್ನು ಅಗೆದವರು ಅವನ ಗುಲಾಮರು. ಲೇಖನಿ ಹಿಡಿದ ಕೈ ಬೇರೆ, ಗುದ್ದಲಿ ಹಿಡಿದ ಕೈ ಬೇರೆ. ನಮ್ಮ ಮನೆಗಳಲ್ಲಿಯೂ ಈ ಭೇದವಿಲ್ಲದಿಲ್ಲ. ಕಳೆ ಕೀಳಲು ಬರುವ ಹೆಂಗಸಿಗೆ, ಕಾಯಿ ಕೀಳಲು ಮರವೇರುವವನಿಗೆ ತಿಳಿದುದರ ಕಾಲುಭಾಗವೂ ಯಜಮಾನನೆನ್ನಿಸಿಕೊಂಡವನಿಗೆ ತಿಳಿದಿರುವುದಿಲ್ಲ. ಅವರು ಆಡಿದ ಮಾತನ್ನು ಅವರ ಹೆಸರಿನೊಡನೆಯೇ ಬರೆದುಕೊಳ್ಳುವ ಸೌಜನ್ಯವಿಲ್ಲದಿದ್ದರೆ ಹಿತ್ತಿಲಿನ ಹೊತ್ತಿಗೆಯು ಒಡೆತನದ ಪತ್ರವಾದೀತೇ ಹೊರತು ತಿಳಿವಿನ ಪತ್ರವಾಗದು.

ಹಿತ್ತಿಲೇ ಇಲ್ಲದ ನಗರವಾಸಿಗಳೇನು ಮಾಡಬೇಕು? ತುಳಸಿಯ ಕುಂಡವೊಂದು, ದೊಡ್ಡಪತ್ರೆಯ ಡಬ್ಬವೊಂದು ಸಾಕು. ಅದೂ ಇಲ್ಲವಾದರೆ ಬೀದಿಯ ಮರವುಂಟು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನಿಯ ಕ್ರುಂಬೀಗಲ್, ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸಿದನು. ಅಳಿದುಳಿದ ಆ ಸಾಲುಗಳು ಇಂದಿಗೂ ಓದುವವರಿಲ್ಲದ ಪಂಚಾಂಗದಂತೆ ನಿಂತಿವೆ. ಶಾಲೆಗಳಿಗಂತೂ ಇದಕ್ಕಿಂತ ಅಗ್ಗವಾದ ಪಾಠೋಪಕರಣ ಬೇರೊಂದಿಲ್ಲ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವದಲ್ಲಿ ವರ್ಷವರ್ಷವೂ ಜುಲೈ ತಿಂಗಳಲ್ಲಿ ನೆಟ್ಟ ಸಸಿಗಳ ಎಣಿಕೆ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಮರುವರ್ಷದ ಜುಲೈಗೆ ಬದುಕಿದವುಗಳ ಎಣಿಕೆಯನ್ನು ಕೇಳುವವರು ವಿರಳ. ಒಂದೊಂದು ಸಸಿಯ ಪಾಲಿಗೂ ಒಬ್ಬೊಬ್ಬ ವಿದ್ಯಾರ್ಥಿಯು ತಾನೇ ಹೊಲಿದ ಪುಸ್ತಕದಲ್ಲಿ ಪಕ್ಷಕ್ಕೊಂದು ಸಾಲು ಬರೆಯುವಂತಾದರೆ, ನೆಡುವ ಉತ್ಸಾಹಕ್ಕೆ ನೀರೆರೆಯುವ ಹೊಣೆಯೂ ಜೊತೆಗೂಡೀತು.

ನಮ್ಮ ಮಾವಿನ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಈಗ ಹಾಳೆಯ ಹೊದಿಕೆಯ ಹೊತ್ತಿಗೆಯೊಂದು ಅಡುಗೆಮನೆಯ ಕಿಟಕಿಯಲ್ಲಿದೆ. ಅದರ ಮೊದಲ ಪುಟದಲ್ಲಿ, ಮರವು ಬೇಗ ಹೂವಾಯಿತೆಂದು ನನಗನ್ನಿಸುತ್ತದೆ, ದಿನಾಂಕ ನೆನಪಿಲ್ಲ, ಎಂದು ಬರೆದೆ. ನೆರೆಯವರು ಓದಿ ನೋಡಿ, ನನ್ನ ಕೈಯಿಂದ ಲೇಖನಿಯನ್ನು ಕಸಿದುಕೊಂಡು, ಕೆಳಗೆ ತಮ್ಮ ಆಕ್ಷೇಪಣೆಯನ್ನು ದಾಖಲಿಸಿ ರುಜು ಹಾಕಿದ್ದಾರೆ. ಬರುವ ಧನುರ್ಮಾಸದಲ್ಲಿ ದಿನವೂ ಬೆಳಿಗ್ಗೆ ಬೇಲಿಯ ಎರಡೂ ಕಡೆಯಿಂದ ಆ ಮರವನ್ನು ಇಬ್ಬರು ಕತ್ತೆತ್ತಿ ನೋಡುವರೆಂಬುದಂತೂ ನಿಶ್ಚಯ.