ಡ್ರೈವ್ ಕಾಣದಿದ್ದಾಗ ಮಾಡತಕ್ಕದ್ದು

೨೦೨೫ನೆಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅಂದಿನಿಂದ ನಮ್ಮ ವಾಚಕರಲ್ಲಿ ಕೆಲವರು ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ವಿಂಡೋಸ್ ೧೧ನ್ನು ತಾವೇ ಹೊಸದಾಗಿ ಹಾಕಿಕೊಳ್ಳಲು ಕೈಯಿಟ್ಟಿದ್ದಾರೆ. ಸ್ವಾವಲಂಬನೆಯ ಈ ಪ್ರಯತ್ನವು ಮೆಚ್ಚತಕ್ಕದ್ದೇ. ಪೆನ್ ಡ್ರೈವನ್ನು ಸಿದ್ಧಪಡಿಸಿ ಅದರಿಂದ ಯಂತ್ರವನ್ನು ಆರಂಭಿಸಿದ ಮೇಲೆ ಅರ್ಧದಾರಿಯವರೆಗೆ ಎಲ್ಲವೂ ಸುಸೂತ್ರವಾಗಿ ಸಾಗುತ್ತದೆ. ವಿಂಡೋಸನ್ನು ಎಲ್ಲಿ ಸ್ಥಾಪಿಸಬೇಕೆಂದು ಕೇಳುವ ಪುಟ ಬಂದಾಗ ಮಾತ್ರ ಪಟ್ಟಿಯು ಬರಿದಾಗಿರುತ್ತದೆ. ಯಾವ ಡ್ರೈವೂ ಸಿಕ್ಕಲಿಲ್ಲವೆಂಬ ಒಂದು ವಾಕ್ಯವು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಈ ವಾಕ್ಯವನ್ನು ಓದಿದ ಗೃಹಸ್ಥನು ಎದೆಗುಂದುವುದು ಸಹಜ. ವಾಚಕರೊಬ್ಬರು ಬರೆದಿರುವುದೇನೆಂದರೆ, ಅವರ ಮನೆಯ ಲ್ಯಾಪ್‌ಟಾಪು ಹೀಗೆ ಹೇಳಿದಾಗ ಅಂಗಡಿಯವರು ಡ್ರೈವ್ ಸತ್ತಿದೆಯೆಂದು ನಿರ್ಣಯಿಸಿ, ಹೊಸದನ್ನು ಕೊಳ್ಳುವಂತೆ ಸಲಹೆ ಮಾಡಿದರಂತೆ. ಹಳೆಯ ಡ್ರೈವಿನಲ್ಲಿ ತೀರಿಹೋದ ತಂದೆಯವರ ಧ್ವನಿಯ ಮುದ್ರಿಕೆಗಳೂ ಮಗಳ ಪ್ರಬಂಧದ ಕರಡೂ ಇದ್ದುವು. ಏನು ಮಾಡಬೇಕೆಂದು ಅವರು ಕೇಳಿದ್ದಾರೆ. ಅವರಿಗೆ ಕೊಡುವ ಉತ್ತರವು ಇತರರಿಗೂ ಉಪಯೋಗವಾಗಬಹುದೆಂದು ಈ ತಿಂಗಳು ಇದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಮೊದಲು ಎರಡು ಶಬ್ದಗಳ ಭೇದವನ್ನು ತಿಳಿಯಬೇಕು. ಡ್ರೈವ್ ಎಂದರೆ ನಮ್ಮ ಕಡತಗಳನ್ನು ಇಟ್ಟುಕೊಂಡಿರುವ ವಸ್ತು. ಡ್ರೈವರ್ ಎಂದರೆ ಆ ವಸ್ತುವಿನೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ವಿಂಡೋಸಿಗೆ ತಿಳಿಸಿಕೊಡುವ ಚಿಕ್ಕದೊಂದು ತಂತ್ರಾಂಶ. ಡ್ರೈವ್ ಕೆಟ್ಟರೂ ಪಟ್ಟಿ ಬರಿದಾಗುತ್ತದೆ. ಡ್ರೈವ್ ನೆಟ್ಟಗಿದ್ದು ಡ್ರೈವರ್ ಇಲ್ಲದಿದ್ದರೂ ಪಟ್ಟಿ ಬರಿದಾಗುತ್ತದೆ. ಎರಡಕ್ಕೂ ತೋರುವ ಲಕ್ಷಣ ಒಂದೇ ಆದುದರಿಂದ ಲಕ್ಷಣವನ್ನು ಮಾತ್ರ ನೋಡಿ ರೋಗವನ್ನು ಹೇಳಲಾಗದು.

ಎರಡನೆಯ ಕಾರಣವು ಈಚಿನ ಯಂತ್ರಗಳಲ್ಲಿ ಬಹಳ ಸಾಮಾನ್ಯ. ಅದು ಹೇಗೆಂದರೆ: ಇಂಟೆಲ್ ಸಂಸ್ಥೆಯವರು ವಿಎಂಡಿ ಎಂಬ ಏರ್ಪಾಡನ್ನು ೨೦೧೭ರಲ್ಲಿ ದೊಡ್ಡ ಸರ್ವರ್ ಯಂತ್ರಗಳ ಪ್ರೊಸೆಸರುಗಳಲ್ಲಿ ತಂದರು. ಅನೇಕ ಡ್ರೈವುಗಳನ್ನು ಒಂದೇ ಮೇಲ್ವಿಚಾರಣೆಯಲ್ಲಿ ಇಡುವುದು ಅದರ ಉದ್ದೇಶ. ೨೦೨೦ರಲ್ಲಿ ಹೊರಬಂದ ೧೧ನೆಯ ತಲೆಮಾರಿನ ಕೋರ್ ಪ್ರೊಸೆಸರುಗಳೊಡನೆ ಅದು ಮನೆಯ ಲ್ಯಾಪ್‌ಟಾಪುಗಳಿಗೂ ಬಂದಿತು. ತಯಾರಕರು ಅನೇಕ ಯಂತ್ರಗಳಲ್ಲಿ ಅದನ್ನು ಚಾಲನೆಯಲ್ಲಿಟ್ಟೇ ಮಾರುತ್ತಾರೆ. ಆಗ ಡ್ರೈವು ನೇರವಾಗಿ ಕಣ್ಣಿಗೆ ಬೀಳದೆ ವಿಎಂಡಿಯ ಹಿಂದೆ ಇರುತ್ತದೆ. ಒಳಮನೆಯಲ್ಲಿ ಯಜಮಾನರಿದ್ದರೂ ಬಾಗಿಲಲ್ಲಿ ಗುರುತಿಲ್ಲದ ಕಾವಲುಗಾರನನ್ನು ಕಂಡು, ಮನೆಯಲ್ಲಿ ಯಾರೂ ಇಲ್ಲವೆಂದು ಅತಿಥಿಯು ಹಿಂದಿರುಗಿದಂತೆ ಆಯಿತು. ಅಂಗಡಿಯಿಂದ ಬಂದಾಗ ಯಂತ್ರದಲ್ಲಿದ್ದ ವಿಂಡೋಸಿಗೆ ಈ ಕಾವಲುಗಾರನ ಪರಿಚಯವನ್ನು ತಯಾರಕರು ಮೊದಲೇ ಮಾಡಿಸಿರುತ್ತಾರೆ. ನಾವು ಪೆನ್ ಡ್ರೈವಿನಲ್ಲಿ ತಂದ ವಿಂಡೋಸಿಗೆ ಅನೇಕ ವೇಳೆ ಆ ಪರಿಚಯವಿರುವುದಿಲ್ಲ. ಪ್ರೊಸೆಸರಿನ ಹೆಸರು ಐ೫-೧೧೩೫ ಎಂಬಂತೆ ಇದ್ದರೆ, ಅಡ್ಡಗೆರೆಯ ಮುಂದಿನ ೧೧ ಎಂಬುದೇ ತಲೆಮಾರಿನ ಗುರುತು.

ಆದಕಾರಣ ಮೊದಲು ಮಾಡತಕ್ಕ ಕೆಲಸವೆಂದರೆ ಬಯಾಸನ್ನು ವಿಚಾರಿಸುವುದು. ವಿಂಡೋಸ್ ಹುಟ್ಟುವ ಮೊದಲೇ ಎಚ್ಚರಗೊಳ್ಳುವ ಯಂತ್ರದ ಮೂಲ ವ್ಯವಸ್ಥೆಯೇ ಬಯಾಸ್. ಯಂತ್ರವನ್ನು ಆರಿಸಿ ಮರಳಿ ಹೊತ್ತಿಸಿದ ಕೂಡಲೆ ಡೆಲ್, ಏಸರ್, ಆಸೂಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ ೨ ಗುಂಡಿಯನ್ನೂ, ಎಚ್‌ಪಿ ಯಂತ್ರಗಳಲ್ಲಿ ಎಫ್ ೧೦ನ್ನೂ ಮೇಲಿಂದಮೇಲೆ ಒತ್ತಿದರೆ ಅದರ ಪುಟ ತೆರೆಯುತ್ತದೆ. ಅಲ್ಲಿ ಡ್ರೈವಿನ ಹೆಸರೂ ಗಾತ್ರವೂ ಕಂಡರೆ, ಡ್ರೈವು ಯಂತ್ರಕ್ಕೆ ಓಗೊಡುತ್ತಿದೆಯೆಂದು ತಿಳಿದು ಡ್ರೈವರಿನ ಕಡೆಗೆ ಗಮನ ಕೊಡಬೇಕು. ಅಲ್ಲಿಯೂ ಕಾಣದಿದ್ದರೆ ಮಾತ್ರ ವಸ್ತುವಿನ ಮೇಲೆ ಸಂಶಯಪಡತಕ್ಕದ್ದು. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಹೊಸ ಡ್ರೈವಿಗೆ ಹಣ ತೆರಬಾರದು.

ಬಯಾಸಿನಲ್ಲಿ ಡ್ರೈವ್ ಕಂಡಿತೆಂದು ಇಟ್ಟುಕೊಳ್ಳೋಣ. ಇನ್ನು ಎರಡು ಮಾರ್ಗಗಳಿವೆ.

ಮೊದಲನೆಯದು ಡ್ರೈವರನ್ನು ಒದಗಿಸುವುದು. ಬೇರೊಂದು ಕಂಪ್ಯೂಟರಿನಲ್ಲಿ, ಲ್ಯಾಪ್‌ಟಾಪ್ ತಯಾರಕರ ತಾಣಕ್ಕೆ ಹೋಗಿ, ತಮ್ಮ ಯಂತ್ರದ ಮಾದರಿಯ ಹೆಸರಿನಲ್ಲಿಯೇ ಹುಡುಕಿ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಡ್ರೈವರನ್ನು ಇಳಿಸಿಕೊಳ್ಳಬೇಕು. ತಲೆಮಾರಿನಿಂದ ತಲೆಮಾರಿಗೆ ಇದರ ಆವೃತ್ತಿ ಬದಲಾಗುವುದರಿಂದ ನೆರೆಮನೆಯವರ ಯಂತ್ರಕ್ಕೆ ಒಪ್ಪಿದ್ದು ನಮ್ಮದಕ್ಕೂ ಒಪ್ಪುವುದೆಂಬ ಭರವಸೆಯಿಲ್ಲ. ಇಳಿದು ಬರುವ ಕಡತವು ಅನೇಕ ವೇಳೆ ಗಂಟು ಕಟ್ಟಿದಂತೆ ಒಂದೇ ಆಗಿರುತ್ತದೆ. ಅದನ್ನು ಬಿಚ್ಚಿ, ಒಳಗಿನ ಕಡತಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಆ ಫೋಲ್ಡರನ್ನು ವಿಂಡೋಸ್ ಇರುವ ಪೆನ್ ಡ್ರೈವಿಗೇ ಸೇರಿಸಬೇಕು. ಗಂಟನ್ನು ಬಿಚ್ಚದೆ ಹಾಗೆಯೇ ಹಾಕಿದರೆ ವಿಂಡೋಸಿಗೆ ಅದರೊಳಗಿರುವುದು ತಿಳಿಯದು. ಈ ಮಾರ್ಗದಲ್ಲಿ ಹೊರಟವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ಆಮೇಲೆ ಬರಿದಾದ ಪಟ್ಟಿಯ ಪುಟದಲ್ಲಿ ಲೋಡ್ ಡ್ರೈವರ್ ಎಂಬುದನ್ನು ಒತ್ತಿ, ಬ್ರೌಸ್ ಮಾಡಿ, ಆ ಫೋಲ್ಡರನ್ನು ತೋರಿಸಿ, ವಿಎಂಡಿ ಎಂಬ ಹೆಸರುಳ್ಳ ಸಾಲನ್ನು ಆರಿಸಿಕೊಳ್ಳಬೇಕು. ಡ್ರೈವರ್ ಸರಿಯಾದುದಾಗಿದ್ದರೆ ಕೆಲವು ಕ್ಷಣಗಳಲ್ಲಿ ಡ್ರೈವು ಪಟ್ಟಿಗೆ ಬರುತ್ತದೆ.

ಎರಡನೆಯದು ಬಯಾಸಿನಲ್ಲಿ ವಿಎಂಡಿಯನ್ನೇ ನಿಲ್ಲಿಸುವುದು. ಒಂದೇ ಡ್ರೈವುಳ್ಳ ಮನೆಯ ಯಂತ್ರಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಡೆಲ್ ಯಂತ್ರಗಳಲ್ಲಿ ರೇಡ್ ಎಂದಿರುವುದನ್ನು ಎಎಚ್‌ಸಿಐ ಎಂದು ಬದಲಿಸುವುದೂ ಇದೇ ಜಾತಿಯ ಕೆಲಸ. ಆದರೆ ಇದರಲ್ಲಿ ಒಂದು ತೊಡಕುಂಟು. ವಿಎಂಡಿಯಿದ್ದಾಗ ಸ್ಥಾಪಿತವಾದ ಹಳೆಯ ವಿಂಡೋಸ್ ಡ್ರೈವಿನಲ್ಲಿದ್ದರೆ, ಅದು ಈ ಬದಲಾವಣೆಯಾದ ಮೇಲೆ ಏಳದೆ ಹೋಗಬಹುದು. ಹಾಗಾದರೆ ಗಾಬರಿಯಾಗದೆ ಬಯಾಸಿನಲ್ಲಿ ಮೊದಲಿದ್ದಂತೆಯೇ ಮಾಡಿದರೆ ಅದು ಸಾಮಾನ್ಯವಾಗಿ ಮರಳಿ ಏಳುತ್ತದೆ. ಎರಡು ಡ್ರೈವುಗಳನ್ನು ರೇಡ್ ಕ್ರಮದಲ್ಲಿ ಒಂದಾಗಿ ಜೋಡಿಸಿರುವ ಯಂತ್ರವಾದರೆ ಈ ಮಾರ್ಗಕ್ಕೆ ಹೋಗಲೇಬಾರದು. ಯಂತ್ರದ ಯಾವ ಏರ್ಪಾಡನ್ನೂ ಕದಲಿಸದಿರುವುದರಿಂದ ಮೊದಲನೆಯ ಮಾರ್ಗವೇ ನಮಗೆ ಹೆಚ್ಚು ಸಮ್ಮತ.

ಬಯಾಸಿನಲ್ಲಿಯೂ ಡ್ರೈವ್ ಕಾಣದವರ ಮಾತು ಬೇರೆ. ಹೊಸದಾಗಿ ಕೊಂಡು ಹಾಕಿದ ಡ್ರೈವಾದರೆ ಅದು ಯಂತ್ರಕ್ಕೆ ಹೊಂದುವ ಜಾತಿಯದೋ ಎಂಬುದನ್ನು ನೋಡಬೇಕು. ಎಂ.೨ ಎಂಬ ಒಂದೇ ಆಕಾರದಲ್ಲಿ ಸಾಟಾ ಎಂದೂ ಎನ್‌ವಿಎಂಇ ಎಂದೂ ಎರಡು ಜಾತಿಗಳಿವೆ. ಒಂದಕ್ಕೆ ಮಾತ್ರ ಏರ್ಪಟ್ಟ ಕಿಂಡಿಯಲ್ಲಿ ಇನ್ನೊಂದು ಕೂತರೂ ಕೆಲಸ ಮಾಡದು. ಹಳೆಯ ಡ್ರೈವಾದರೆ ಅದು ಸಡಿಲವಾಗಿರಲೂಬಹುದು. ಚಾರ್ಜರನ್ನು ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಡ್ರೈವನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸುವುದರಿಂದ ಕೆಲವು ವೇಳೆ ಗುಣವಾಗುತ್ತದೆ. ಅಭ್ಯಾಸವಿಲ್ಲದವರೂ ಖಾತರಿಯ ಅವಧಿ ಮುಗಿಯದ ಯಂತ್ರವುಳ್ಳವರೂ ಇದನ್ನು ತಾವೇ ಮಾಡದೆ ತಿಳಿದವರ ಕೈಗೆ ಕೊಡುವುದು ಲೇಸು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಡ್ರೈವು ಪಟ್ಟಿಯಲ್ಲಿ ಕಂಡಿತೆಂಬ ಸಂತೋಷದಲ್ಲಿ ಅದರ ಭಾಗಗಳನ್ನು ಅಳಿಸಿ ಮುಂದಕ್ಕೆ ಹೋಗುವವರುಂಟು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಎಸ್‌ಎಸ್‌ಡಿ ಜಾತಿಯ ಡ್ರೈವುಗಳಲ್ಲಿ ಅಳಿಸಿದ್ದನ್ನು ಮರಳಿ ಪಡೆಯುವುದು ಬಹಳ ಕಷ್ಟ. ತಂದೆಯವರ ಧ್ವನಿಯನ್ನು ಉಳಿಸಿಕೊಳ್ಳಬೇಕಾದ ನಮ್ಮ ವಾಚಕರು ವಿಂಡೋಸನ್ನು ಹಾಕುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಲಿ. ಉಬುಂಟುವಿನಂತಹ ಲಿನಕ್ಸನ್ನು ಇನ್ನೊಂದು ಪೆನ್ ಡ್ರೈವಿನಲ್ಲಿ ತುಂಬಿ, ಯಂತ್ರದಲ್ಲಿ ಸ್ಥಾಪಿಸದೆಯೇ ಅದರಿಂದ ಆರಂಭಿಸಬಹುದು. ಈಚಿನ ಲಿನಕ್ಸಿನಲ್ಲಿ ವಿಎಂಡಿಯ ಡ್ರೈವರ್ ಅಡಕವಾಗಿರುವುದರಿಂದ ಹಳೆಯ ಕಡತಗಳು ಅಲ್ಲಿ ಕಾಣುವ ಸಂಭವವು ಹೆಚ್ಚು. ಅವುಗಳನ್ನು ಹೊರಗಿನ ಡ್ರೈವಿಗೆ ನಕಲುಮಾಡಿ, ಒಂದೆರಡನ್ನು ತೆರೆದು ನೋಡಿ, ಆಮೇಲೆ ಮುಂದಿನ ಕೆಲಸಕ್ಕೆ ಹೊರಡಲಿ.

ಡ್ರೈವಿಗೆ ಬಿಟ್‌ಲಾಕರಿನ ಬೀಗ ಬಿದ್ದಿದ್ದರೆ ೪೮ ಅಂಕಿಗಳ ಕೀಲಿಸಂಖ್ಯೆಯಿಲ್ಲದೆ ಆ ಕಡತಗಳು ತೆರೆಯವು. ಬಯಾಸಿನಲ್ಲಿ ಬದಲಾವಣೆ ಮಾಡಿದಾಗಲೂ ಯಂತ್ರವು ಅದನ್ನೇ ಕೇಳಬಹುದು. ಅನೇಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ತಾನಾಗಿಯೇ ಶೇಖರವಾಗಿರುತ್ತದೆ. ಯಂತ್ರವು ಸರಿಯಾಗಿ ನಡೆಯುತ್ತಿರುವ ವಾಚಕರು ಇಂದೇ ಅದನ್ನು ಹುಡುಕಿ, ಒಂದು ಕಾಗದದ ಮೇಲೆ ಬರೆದು, ಮನೆಯ ಇತರ ಮುಖ್ಯ ಪತ್ರಗಳ ಜೊತೆಗೆ ಭದ್ರವಾಗಿಡಬೇಕೆಂದು ಕೋರುತ್ತೇವೆ.