ಅಡ್ಡಹೆಸರಿನ ದೊಡ್ಡಸ್ತಿಕೆ

ಅಧ್ಯಾಪಕರು ಹಾಜರಿ ಪುಸ್ತಕ ತೆರೆದು ‘ಪಾಟೀಲ’ ಎಂದು ಕೂಗಿದರೆ ನಮ್ಮ ವರ್ಗದಲ್ಲಿ ಮೂವರು ಒಮ್ಮೆಲೆ ಓಗೊಡುತ್ತೇವೆ. ಲಕ್ಕಲಕಟ್ಟಿಯ ನಾನೂ ಅವರಲ್ಲೊಬ್ಬ. ಆಗ ಏಳುವ ನಗೆ ಸಲಿಗೆಯದು. ಮುಂದೆ ‘ಮಡಿವಾಳರ’ ಎಂದು ಕೂಗಿದಾಗ ಏಳುವ ನಗೆಯೇ ಬೇರೆ. ಆ ಗೆಳೆಯ ಈ ವರುಷದ ಅರ್ಜಿಯಲ್ಲಿ ಅಡ್ಡಹೆಸರನ್ನೇ ಬಿಟ್ಟು ತಂದೆಯ ಹೆಸರನ್ನಷ್ಟೇ ಬರೆದ. ಈ ನಾಲ್ಕು ಮಾತಿಗೆ ಅದೇ ಕಾರಣ.

‘ಪಾಟೀಲ’ ಎಂಬುದು ಮೂಲದಲ್ಲಿ ಕುಲದ ಹೆಸರಲ್ಲ, ಕೆಲಸದ ಹೆಸರು. ಹಳೆಯ ಶಾಸನಗಳ ‘ಪಟ್ಟಕಿಲ’ ಎಂಬ ಪದವೇ ಹೀಗೆ ಸವೆದು ಬಂದಿತೆಂದು ಪಂಡಿತರು ಹೇಳುತ್ತಾರೆ. ಊರಿನ ಕಂದಾಯ ಕೂಡಿಸುವುದು, ಶಾಂತಿ ಕಾಯುವುದು ಪಾಟೀಲನ ಹೊಣೆ. ಲೆಕ್ಕ ಬರೆಯುವುದು ಕುಲಕರ್ಣಿಯ ಹೊಣೆ. ಮರಾಠರೂ ಬಳಿಕ ಮುಂಬಯಿ ಸರಕಾರದವರೂ ಆಳಿದ ನಮ್ಮ ಸೀಮೆಯಲ್ಲಿ ಊರಗೌಡರು ದಫ್ತರದಲ್ಲಿ ಪಾಟೀಲರಾದರು. ಆದುದರಿಂದಲೇ ಲಿಂಗಾಯತ, ಜೈನ, ಮರಾಠಾ, ಮುಸಲ್ಮಾನ ಮನೆತನಗಳಲ್ಲೆಲ್ಲ ಈ ಹೆಸರುಂಟು.

ಕೆಲಸ ಹೆಸರಾಗುವುದು ನಮ್ಮಲ್ಲಷ್ಟೇ ಅಲ್ಲ. ರಶಿಯದಲ್ಲಿ ಊರೂರಿಗೂ ಸಿಗುವ ‘ಕುಜ್ನೆತ್ಸೋವ್’ ಎಂಬ ಹೆಸರಿಗೆ ಕಂಬಾರನ ಮನೆಯವನು ಎಂದರ್ಥ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ನೌಕಾದಳವನ್ನು ನಡೆಸಿದಾತ ನಿಕೊಲಾಯ್ ಕುಜ್ನೆತ್ಸೋವ್. ನಮ್ಮಲ್ಲಿ 2010ರ ಜ್ಞಾನಪೀಠ ಪ್ರಶಸ್ತಿ ಪಡೆದವರು ಚಂದ್ರಶೇಖರ ಕಂಬಾರರು. ಕುಲುಮೆಯ ಹೆಸರು ಇವರಿಬ್ಬರನ್ನೂ ಕುಗ್ಗಿಸಲಿಲ್ಲ.

ಹಾಗೆಯೇ ಪಾಟೀಲಕಿಯೊಂದೇ ಯಾರನ್ನೂ ಹಿಗ್ಗಿಸದು. ವಂಶಪಾರಂಪರ್ಯವಾಗಿ ಬಂದ ಊರ ಹುದ್ದೆಗಳನ್ನು 1961ರ ಕಾನೂನು ತೆಗೆದುಹಾಕಿತು. ಉಳಿದದ್ದು ಬರಿಯ ಹೆಸರು. ಗದಗದ ಬಳಿಯ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ನಾಡು ನೆನೆಯುವುದು ಅವರ ಗೌಡಕಿಗಾಗಿ ಅಲ್ಲ. 1905ರಲ್ಲಿ ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದುದಕ್ಕಾಗಿ. ‘ಚಂಪಾ’ ಎಂದೇ ಹೆಸರಾದ ಚಂದ್ರಶೇಖರ ಪಾಟೀಲರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು. ಒಬ್ಬರು ಸಾಲದ ಹೊರೆ ಇಳಿಸಲು ನಿಂತರು, ಇನ್ನೊಬ್ಬರು ಅಧಿಕಾರಕ್ಕೆ ಎದುರಾಗಿ ನಿಂತರು. ಹೆಸರಿಗೆ ಬೆಲೆ ತಂದವರು ಅವರು. ಹೆಸರು ಅವರಿಗೆ ತಂದುದಲ್ಲ.

ಇನ್ನು ಮಡಿವಾಳರ ಮಾತು. ಹನ್ನೆರಡನೆಯ ಶತಮಾನದ ಶರಣ ಮಾಚಿದೇವ ತನ್ನ ಕಾಯಕದ ಹೆಸರಿನಿಂದಲೇ ಮಡಿವಾಳ ಮಾಚಿದೇವನಾಗಿ ಇಂದಿಗೂ ಪೂಜ್ಯನಾಗಿದ್ದಾನೆ. ಅವನ ವಚನಗಳನ್ನು ಪರೀಕ್ಷೆಗೆ ಓದುವ ನಾವು ಹಾಜರಿಯ ಹೊತ್ತಿನಲ್ಲಿ ಅದೇ ಹೆಸರಿಗೆ ನಗುವುದು ಯಾವ ವಿದ್ಯೆ?

ಆ ದಿನ ನಾನೂ ನಕ್ಕವನೇ. ಗೆಳೆಯನು ಬರುವ ವರುಷ ಅರ್ಜಿಯಲ್ಲಿ ತನ್ನ ಪೂರ್ತಿ ಹೆಸರನ್ನು ಬರೆಯಲಿ. ಅದನ್ನು ಕೂಗಿದಾಗ ನಗದಿರುವ ಹೊಣೆ ನಮ್ಮದು.