ರವದಿಗೆ ಕಡ್ಡಿ ಗೀರುವ ಮುನ್ನ

ಕಟಾವು ಮುಗಿದ ಕಬ್ಬಿನ ಹೊಲದಲ್ಲಿ ಉಳಿದ ರವದಿಗೆ, ಅಂದರೆ ಒಣ ಸೋಗೆಗೆ, ಬೆಂಕಿ ಇಡುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮುಧೋಳ, ಜಮಖಂಡಿ, ರಾಯಬಾಗ, ಅಥಣಿ, ಯಾವ ಕಡೆ ಹೋದರೂ ಹಂಗಾಮು ಮುಗಿಯುವವರೆಗೆ ಸಂಜೆಯಾದರೆ ಅದೇ ಹೊಗೆ. ಕಣ್ಣುಜ್ಜಿಕೊಂಡು ಮುಂದೆ ಹೋಗುತ್ತೇವೆ. ಈ ವರ್ಷ ಹಾಗೆ ಹೋಗಲು ನನ್ನಿಂದಾಗಲಿಲ್ಲ, ಸಿಟ್ಟು ನೆತ್ತಿಗೇರಿದೆ.

ಮಳೆ ಬಿಸಿಲು ನಮ್ಮ ಕೈಯಲ್ಲಿಲ್ಲ, ನಿಜ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಬಂದರೆ ತಿಂಗಳ ಮಳೆ ಎರಡೇ ದಿನದಲ್ಲಿ ಸುರಿದುಹೋಗುತ್ತದೆ. ಹವಾಮಾನ ಕೆಡಿಸಿದ ಶ್ರೀಮಂತ ದೇಶಗಳನ್ನು ಬೇಕಾದಷ್ಟು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಕಡ್ಡಿ ಗೀರುವ ಕೈ ಮಾತ್ರ ನಮ್ಮದೇ.

ಆ ಬೆಂಕಿ ಸುಡುವುದೇನನ್ನು? ಅದು ತಿಳಿಯಲು, ಬಿಸಿಲು ಮಳೆ ಮಣ್ಣಿಗೆ ಏನು ಮಾಡುತ್ತವೆಂದು ಮೊದಲು ನೋಡಿ. ಮಣ್ಣು ಬಿಸಿಯಾದಷ್ಟೂ, ತೇವವಿದ್ದರೆ, ಅದರೊಳಗಿನ ಸೂಕ್ಷ್ಮಜೀವಿಗಳು ಸಾವಯವ ಇಂಗಾಲವನ್ನು ಬೇಗಬೇಗ ತಿಂದು ಮುಗಿಸುತ್ತವೆ. ಬಿಸಿಗೆ ಯೂರಿಯಾ ಕೂಡ ಬೇಗ ಒಡೆದು, ಒಂದಷ್ಟು ಅಮೋನಿಯವಾಗಿ ಗಾಳಿಗೆ ಹಾರುತ್ತದೆ. ಉಳಿದದ್ದನ್ನು ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಬೇರು ಅದನ್ನು ಹೀರುವ ಮೊದಲೇ ರಭಸದ ಮಳೆ ಬಂತೆನ್ನಿ, ನೈಟ್ರೇಟ್ ಬಸಿದು ಬಾವಿ ನೀರು ಸೇರುತ್ತದೆ. ಎರೆ ಹೊಲದಲ್ಲಿ ನೀರು ನಿಂತು ಗಾಳಿಯಾಡದಿದ್ದರೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನೇ ನೈಟ್ರಸ್ ಆಕ್ಸೈಡ್ ಮಾಡಿ ಮೇಲಕ್ಕೆ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುವ ಅನಿಲ ಅದು. ಬಿಸಿಲಿಗೆ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಅದು ಒಮ್ಮೆಲೇ ಉಕ್ಕುವುದೂ ಉಂಟು. ಬಿಸಿಲಿನಿಂದ ಕೆಟ್ಟ ಹೊಲ ಮತ್ತೆ ಬಿಸಿಲನ್ನೇ ಬೆಳೆಯುತ್ತದೆ.

ಈ ಸೋರಿಕೆಗೆ ಬಹುಮಟ್ಟಿಗೆ ಕಟ್ಟೆ ಹಾಕುವುದು ಇಂಗಾಲ. ತಿನ್ನಲು ಅದು ಸಿಕ್ಕರೆ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಮೈಯಲ್ಲೇ ಹಿಡಿದಿಟ್ಟು, ಸತ್ತಾಗ ನಿಧಾನವಾಗಿ ಬೇರಿಗೆ ಬಿಟ್ಟುಕೊಡುತ್ತವೆ. ಅವುಗಳ ಆ ಊಟವನ್ನೇ ನಾವು ಸುಡುತ್ತಿರುವುದು! ಎಕರೆಗೆ ಮೂರು ನಾಲ್ಕು ಟನ್ ರವದಿ. ಅದರಲ್ಲಿ ಹತ್ತು ಕಿಲೊಗೂ ಮಿಕ್ಕಿ ಸಾರಜನಕ. ಬೆಂಕಿ ಹತ್ತಿದರೆ ಇಂಗಾಲವೂ ಸಾರಜನಕವೂ ಹೆಚ್ಚುಕಡಿಮೆ ಪೂರ್ತಿ ಹೊಗೆ. ಮೇಲ್ಪದರದ ಜೀವಿಗಳೂ ಸಾಯುತ್ತವೆ. ಸುಟ್ಟ ಮರುದಿನವೇ ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಲ್ಲುತ್ತೇವೆ, ಸಿಗದಿದ್ದರೆ ರಸ್ತೆ ತಡೆಯುತ್ತೇವೆ. ಹೊಟ್ಟೆಗೆ ಹಾಕದೆ ಎತ್ತನ್ನು ನೊಗಕ್ಕೆ ಕಟ್ಟಿದಂತಾಯಿತು.

ನೆವಗಳು ಗೊತ್ತು. ಕಟಾವಿನ ಗ್ಯಾಂಗಿನವರು ಕಡಿಯುವ ಮೊದಲೇ ಸುಟ್ಟ ಕಬ್ಬನ್ನು ಕೇಳುತ್ತಾರೆ. ರವದಿ ಇದ್ದರೆ ನೀರು ಹಾಯುವುದಿಲ್ಲ. ಹಾವು, ಇಲಿ. ಆಳಿನ ಕೂಲಿ ಕೊಡಲಾಗದ ಸಣ್ಣ ರೈತನ ಸಂಕಟ ನನಗೆ ಅರ್ಥವಾಗುತ್ತದೆ. ಟ್ರ್ಯಾಕ್ಟರ್, ಜೀಪು ಇಟ್ಟುಕೊಂಡೂ ಅರ್ಧ ಗಂಟೆಯಲ್ಲಿ ಹೊಲ ಸ್ವಚ್ಛವಾಗಲಿ ಎಂದು ಕಡ್ಡಿ ಗೀರುವವರನ್ನು ಮಾತ್ರ ಕ್ಷಮಿಸಲಾರೆ. ಲಾವಣಿ ಹಿಡಿದವರು ಮುಂದಿನ ವರ್ಷ ಹೊಲ ತಮ್ಮದಲ್ಲವೆಂದು ಸುಡುತ್ತಾರೆ, ಪಟ್ಟಣದಲ್ಲಿ ಕೂತ ಮಾಲೀಕರು ಲಾವಣಿ ದುಡ್ಡು ಎಣಿಸಿಕೊಂಡು ಸುಮ್ಮನಿರುತ್ತಾರೆ. ಹಾಗಾದರೆ ಆ ಮಣ್ಣಿಗೆ ಯಾರು ದಿಕ್ಕು?

ಮಾಡಬೇಕಾದದ್ದು ಬಹಳವಿಲ್ಲ. ಕುಳೆ ಬಿಡುವವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು ಹಾಕಿ, ಖಾಲಿ ಸಾಲಿನಲ್ಲಿ ನೀರು ಬಿಡಿ. ಬೇಗ ಕೊಳೆಯಲು ಸಗಣಿ ರಾಡಿ, ಸ್ವಲ್ಪ ಯೂರಿಯಾ ಚೆಲ್ಲಿ. ಪುಡಿ ಮಾಡುವ ಯಂತ್ರ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗಿದೆಯೇ ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಜನ ಕೂಡಿ ಹೋಗಿ ತರಿಸಿಕೊಡಿ ಎಂದು ಜಗಳವಾಡಿ. ಯೂರಿಯಾಕ್ಕಾಗಿ ಕೂಗಾಡುವ ನಮ್ಮ ಗಂಟಲು ಇದಕ್ಕೂ ಒದಗಲಿ.

ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಯವರಿಗೂ ಕೈಮುಗಿದು ಕೇಳುತ್ತೇನೆ: ನಿಮ್ಮ ಗಾಣ ತಿರುಗುವುದು ಈ ಮಣ್ಣಿನಿಂದ. ಸುಡದೆ ಕಡಿಯುವ ಗ್ಯಾಂಗಿಗೆ ನಾಲ್ಕು ಕಾಸು ಹೆಚ್ಚು ಕೊಡಿ. ಮತ್ತು ರೈತ ಬಂಧುಗಳೇ, ಈ ಸಲ ಗ್ಯಾಂಗಿನ ಮುಕಾದಮ ಬಂದು ಕೂಲಿ ಮಾತಾಡುವಾಗಲೇ, ಮುಂಗಡ ಕೈಗಿಡುವ ಮೊದಲೇ, ಹೊಲಕ್ಕೆ ಬೆಂಕಿ ಇಡುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿ. ಪಕ್ಕದ ಹೊಲದವನಿಗೂ ಹೇಳಿ.